ನೆಗೆಣ್ಣಿಯ ಧ್ವನಿ

ಕೆಲಸಕ್ಕೆ ಕೂರುವ ಮೊದಲು ಅವಳು ಬಲಗಿವಿಯ ಓಲೆ ಬಿಚ್ಚಿ ಸ್ಟೀಲಿನ ಬಟ್ಟಲಲ್ಲಿ ಇಡುತ್ತಿದ್ದಳು. ಹೆಡ್‌ಫೋನು ಅದೊಂದೇ ಕಿವಿಗೆ ಕೂರುವಂಥದ್ದು, ಒತ್ತಿದರೆ ತಿರುಪು ಚುಚ್ಚುತ್ತಿತ್ತು. ಎಡಗಿವಿಯಲ್ಲಿ ಮುತ್ತಿನ ಓಲೆ, ಬಲಗಿವಿ ಬೋಳು. "ಮುತ್ತೈದಿ ಆದಾಕಿ ಹಿಂಗ ಒಂದ ಕಿವ್ಯಾಗ ಹಾಕ್ಕೊಂಡು ಕುಂದರ್ತಾಳೇನ?" ಎಂದು ಅತ್ತೆ ಕೆಳಗಿನಿಂದ ದಿನಾ ಗೊಣಗುತ್ತಿದ್ದರು. ಆ ಬೆಳಿಗ್ಗೆಯೂ ಗೊಣಗಿದರು. ನಾನು ಅಂಗಳಕ್ಕೆ ನೀರು ಹಾಕಿ, ರಂಗೋಲಿಯ ನಾಲ್ಕು ಎಳೆ ಎಳೆದು, ಹಾಲು ಕಾಯಿಸಿ, ಶುಂಠಿ ಚಹಾದ ಲೋಟ ಹಿಡಿದು ಮೇಲಿನ ಕೋಣೆಯ ಮೆಟ್ಟಿಲು ಹತ್ತಿದೆ. ನಮ್ಮ ಬ್ಯಾಡಗಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಆಫೀಸುಗಳು ತುಂಬಿರುತ್ತವೆ. ಅವಳ ಕೆಲಸವೆಲ್ಲ ಅಲ್ಲಿಯವರೊಂದಿಗೆ.

ಅವಳು ನನ್ನ ಮೈದುನನ ಹೆಂಡತಿ, ನನಗೆ ನೆಗೆಣ್ಣಿ. ಕರ್ಜಗಿಯ ಕನ್ನಡ ಶಾಲೆಯಲ್ಲಿ ಓದಿದವಳು. ಮದುವೆಗೆ ಮುಂಚೆ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕೂತು, ಬಿತ್ತಿದ ಬೀಜ ಹುಟ್ಟಿತೋ ಇಲ್ಲವೋ ಎಂದು ರೈತರಿಗೆ ಫೋನ್ ಮಾಡಿ ಕೇಳುತ್ತಿದ್ದಳು. ಹುಟ್ಟದಿದ್ದರೆ ಮೊದಲ ಬೈಗುಳ ಇವಳಿಗೇ.

"ಬೈಯೋರು ಚಲೋ ಅಕ್ಕಾ," ಎನ್ನುತ್ತಿದ್ದಳು. "ಇನ್ನೂ ಮಾತಾಡಾಕತ್ತಾರ ಅಂತ ಅರ್ಥ. ಸುಮ್ಮನ ಇಟ್ಟಬಿಡೋರ ಕೂಡ ಏನ್ ಮಾಡಾಕ ಬರತೈತಿ?"

ಆಮೇಲೆ ಬೆಂಗಳೂರಿನ ಒಂದು ಕಂಪನಿ ಸೇರಿದಳು, ಮನೆಯಿಂದಲೇ. ಲಾರಿಗಳು ಎಲ್ಲೆಲ್ಲಿವೆ ಎಂದು ತೋರಿಸುವ ಸಾಫ್ಟ್‌ವೇರ್ ಮಾರುವ ಕಂಪನಿ ಅದು. ಅವಳು ಮಾರಬೇಕಾಗಿರಲಿಲ್ಲ. ಗುರುತು ಪರಿಚಯವಿಲ್ಲದ ಮ್ಯಾನೇಜರನಿಗೆ ಫೋನ್ ಮಾಡಿ, ಇಪ್ಪತ್ತು ನಿಮಿಷ ಮಾತಿಗೆ ಕೂರಲು ಒಪ್ಪಿಸಿದರೆ ಆಯಿತು. ಇದೆಂಥ ಕೆಲಸವೇ ಎಂದು ನಾನು ಕೇಳಿದ್ದಕ್ಕೆ ನಕ್ಕಿದ್ದಳು: "ಕನ್ಯಾ ತೋರಿಸೋದಷ್ಟ ನಮ್ಮ ಕೆಲಸ ಅಕ್ಕಾ. ಲಗ್ನದ ಮಾತಿಗೆ ಹಿರೇರು ಬ್ಯಾರೆ ಬರ್ತಾರ."

ಅವಳ ಇಂಗ್ಲಿಷ್ ನಮ್ಮ ಅಡುಗೆಮನೆಯಲ್ಲಿ ತಯಾರಾಯಿತು. ನಾನು ಕಾನ್ವೆಂಟಿನಲ್ಲಿ ಓದಿದವಳು. ರೊಟ್ಟಿ ಬಡಿಯುತ್ತಾ ನಾನೇ ಮ್ಯಾನೇಜರ್ ಆಗುತ್ತಿದ್ದೆ, "ಐ ಆ್ಯಮ್ ಬಿಝಿ" ಎಂದು ಮುಖ ಸಿಂಡರಿಸುತ್ತಿದ್ದೆ. ಅವಳು ಹಿಟ್ಟಿನ ಕೈಯಲ್ಲೇ ಮತ್ತೆ ಶುರು ಮಾಡುತ್ತಿದ್ದಳು. ಆದರೆ ಕಸುಬು ನಾನು ಕಲಿಸಿದ್ದಲ್ಲ. ಫೋನಿಗೆ ಮುಂಚೆ ಆ ಮನುಷ್ಯನ ಲಾರಿಗಳು ಯಾವ ಬಂದರಿಗೆ ಹೋಗುತ್ತವೆ ಎಂದು ಹುಡುಕಿ ಒಂದು ಸಾಲು ಬರೆದುಕೊಳ್ಳುವಳು. "ಆಮೇಲೆ ಮಾಡಿ" ಎಂದವರಿಗೆ ಸರಿಯಾಗಿ ಎಂಟನೇ ದಿನ ಮತ್ತೆ ಫೋನು. ಮೊಳಕೆ ಬಂತೋ ಎಂದು ರೈತರನ್ನು ಕೇಳುತ್ತಿದ್ದ ಲೆಕ್ಕವದು.

ಮೂರೇ ವರ್ಷದಲ್ಲಿ ಅವಳ ಸಂಬಳ ನನ್ನ ಗಂಡ, ಮೈದುನ ಇಬ್ಬರದನ್ನೂ ದಾಟಿತು. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಅತ್ತೆಯ ಬಾಯಲ್ಲಿ ಸಣ್ಣ ಸೊಸೆಯದೇ ಸುದ್ದಿ. ನೀವೂ ಸೇರಿ ಎಂದು ಅವಳು ನನಗೆ ಎಷ್ಟೋ ಸಲ ಹೇಳಿದ್ದಳು. ನಾನು ಹಿಂಜರಿದಾಗ, "ನಿಮ್ಮ ಇಂಗ್ಲಿಷ್ ನಂದಕಿಂತ ಚಂದ ಐತ್ರಿ. ಆದ್ರ ಒಬ್ಬರು ಬ್ಯಾಡ ಅಂದ್ರ ಮೂರು ದಿನಾ ಉಣ್ಣೂದಿಲ್ಲ ನೀವು," ಎಂದಳು. ಖರೇ ಮಾತು. ಚಂದಾಗಿ ಮಾತಾಡುವುದನ್ನು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. ಬೇಡ ಅನ್ನಿಸಿಕೊಂಡು ನಗುವುದನ್ನಲ್ಲ.

ಸಂಕ್ರಾಂತಿಯ ಹೊತ್ತಿಗೆ ಅವಳ ಗಂಟಲು ಕಟ್ಟಿತು. ಮೆಣಸಿನಕಾಯಿ ಸುಗ್ಗಿಯ ದಿನಗಳು. ಸೋಮವಾರ, ಗುರುವಾರ ಪೇಟೆಗೆ ಚೀಲ ಬಂದು ಬೀಳುತ್ತಿದ್ದರೆ ಬ್ಯಾಡಗಿಯಲ್ಲಿ ಕೆಮ್ಮದವರು ಯಾರು? ಬೀಗರು ಬಸ್ಸಿಳಿದ ಕೂಡಲೇ ಸೀನುತ್ತಾರೆ, ನಾವು ನಗುತ್ತೇವೆ. "ಘಾಟು, ಬ್ಯಾರೆ ಏನಿಲ್ಲ," ಎಂದು ಮೊದಲು ಹೇಳಿದವಳು ನಾನೇ. ಅರಿಶಿನದ ಹಾಲು ಕೊಟ್ಟೆ, ಜ್ಯೇಷ್ಠಮಧು ಕೊಟ್ಟೆ. ಏಪ್ರಿಲ್ ದಾಟಿತು. ಚೀಲಗಳು ಹೋದವು, ಮಳೆ ಬಿದ್ದು ಧೂಳು ಅಡಗಿತು, ಊರಿನ ಕೆಮ್ಮು ನಿಂತಿತು. ಅವಳ ಧ್ವನಿ ತಿರುಗಿ ಬರಲಿಲ್ಲ. ದವಾಖಾನೆಗೆ ಹೋಗೋಣ ಎಂದರೆ, "ಟಾರ್ಗೆಟ್ ಮುಗೀಲಿ ಅಕ್ಕಾ," ಎನ್ನುವಳು. ಆ ಮೂರು ತಿಂಗಳ ಗುರಿ ಮುಟ್ಟಿದರೆ ಹನ್ನೆರಡು ಜನರ ತಂಡಕ್ಕೆ ಅವಳು ಮುಖ್ಯಸ್ಥೆ. ಸರಿ, ಮುಗೀಲಿ ಎಂದು ನಾನೂ ಅಂದೆ.

ಆ ಬೆಳಿಗ್ಗೆ ಗುರಿ ಮುಟ್ಟಲು ಒಂದೇ ಭೇಟಿ ಬಾಕಿಯಿತ್ತು. ನಾನು ಚಹಾ ಹಿಡಿದು ಒಳಗೆ ಹೋದಾಗ ಅವಳ ತುಟಿ ಆಡುತ್ತಿತ್ತು, ಸ್ವರವಿಲ್ಲ. ಆ ಕಡೆಯಿಂದ ಯಾರೋ ಹಲೋ, ಹಲೋ ಎನ್ನುತ್ತಿದ್ದರು. ಅವಳು ಹೆಡ್‌ಫೋನು ತೆಗೆದು ನನ್ನ ತಲೆಗೆ ಹಾಕಿ, ಕಾಗದದ ಮೇಲೆ ಬರೆದಳು: "ನೀವ ಮಾತಾಡ್ರಿ."

ಅವಳ ಹೆಸರು ಹೇಳಿ ಮಾತು ಶುರು ಮಾಡಿದೆ. ಆತ ಬೇಡ ಎಂದ. ನಾನು ಅವಳ ಕಡೆ ನೋಡಿದೆ. ಅವಳು ಬರೆದಳು: "ಲಾರಿ ಎಷ್ಟೊತ್ತು ಕಾಯ್ತಾವ ಕೇಳ್ರಿ." ಕೇಳಿದೆ. ಬಂದರಿನಲ್ಲಿ ಲಾರಿ ನಿಂತು ನಿಂತು ತನಗಾಗುವ ತಾಪತ್ರಯವನ್ನೆಲ್ಲ ಆತ ತೋಡಿಕೊಂಡ. ಕೊನೆಗೆ ಗುರುವಾರ ಎಂದು ಸಮಯ ಕೊಟ್ಟ. ಅವಳು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದು ನಕ್ಕಳು. ಆ ನಗುವಿಗೂ ಸದ್ದಿರಲಿಲ್ಲ.

ಅದನ್ನು ನೋಡಿ ನಾನು ಹೆದರಿದೆ. ಅವತ್ತೇ ಹುಬ್ಬಳ್ಳಿಗೆ ಹೊರಟೆವು. ಡಾಕ್ಟರು ಗಂಟಲಿಗೆ ನಳಿಗೆ ಇಳಿಸಿ ನೋಡಿ ಗಡ್ಡೆ ಇದೆ ಎಂದರು, ಎಷ್ಟು ದಿನ ಆಯಿತು ಎಂದು ಕೇಳಿದರು. "ಐದ ತಿಂಗಳಾತ್ರಿ. ಬ್ಯಾಡಗಿ ಅಲ್ಲರಿ, ಘಾಟು ಅಂತ ತಿಳ್ಕೊಂಡ್ವಿ," ಎಂದ ಮೈದುನ. ಡಾಕ್ಟರು ತಲೆ ಎತ್ತದೆ ಬರೆಯುತ್ತಾ ಹೋದರು. ಮೂರು ತಿಂಗಳ ಹಿಂದೆ ಬಂದಿದ್ದರೆ ಎಂದು ಅರ್ಧ ಹೇಳಿ, ಅಷ್ಟಕ್ಕೇ ಬಿಟ್ಟರು.

ಬಡ್ತಿಯ ಪತ್ರ ಬಂದಾಗ ಅವಳ ಕೊರಳಲ್ಲಿ ಉಸಿರಾಟದ ನಳಿಗೆಯಿತ್ತು. ಓದಿ, ಕಾಗದ ಕೇಳಿ ಬರೆದಳು: "ಇನ್ನ ಫೋನ್ ಮಾಡೋರ್ನ ನೋಡ್ಕೊಳ್ಳೋದು ಅಷ್ಟ. ಬಾಯಿ ಬೇಕಾಗೂದಿಲ್ಲ." ಮರುವರ್ಷದ ಸಂಕ್ರಾಂತಿಗೆ ಅವಳಿರಲಿಲ್ಲ. ಅವಳ ಜಾಗಕ್ಕೆ ಯಾರು ಬಂದರೋ ನನಗೆ ಗೊತ್ತಿಲ್ಲ. ಅವಳಿಗೆ ಕೊನೆಯ ಭೇಟಿಯನ್ನು ಗಳಿಸಿಕೊಟ್ಟದ್ದು ನನ್ನ ಬಾಯಿ, ಘಾಟು ಎಂದದ್ದೂ ಇದೇ ಬಾಯಿ.

ಹುಬ್ಬಳ್ಳಿಯಿಂದ ತಿರುಗಿ ಬಂದ ಆ ಸಂಜೆ ಅವಳು ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿ ಮೇಲೆ ಹೋದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಪಕ್ಕದ ಮನೆಯ ಅಜ್ಜಿ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಾ ಗೋಡೆಯಾಚೆಯಿಂದ ಹೇಳಿದಳು:

"ಮುಂಜಾನೆ ನಿನ್ನ ನೆಗೆಣ್ಣಿ ಇಂಗ್ಲಿಷ್ ಮಾತಾಡೋದು ಕೇಳಿಸ್ತು ನೋಡವಾ, ಎಷ್ಟ್ ಸ್ವಚ್ಛ ಇತ್ತು ಧ್ವನಿ! ನಾ ಹೇಳಿದ್ನಿಲ್ಲ, ಘಾಟು ಹೋದ ಮ್ಯಾಲೆ ಗಂಟ್ಲಾ ತಾನ ನೆಟ್ಟಗ ಆಕ್ಕೈತಿ ಅಂತ?"