ಅತನೂರ ಸಾಬವ್ವನ ಕರೆಂಟ್ ಕಾರು

ಸಾಬವ್ವನ ಗಂಡ ಜಗದೇವನಿಗೆ ಎಡಗಿವಿ ಕೇಳುವುದಿಲ್ಲ. ಗಾಣಗಾಪುರ ಸ್ಟ್ಯಾಂಡಿನಲ್ಲಿ ಆರು ಜೀಪುಗಳಿರುವ ಬಸವಂತರಾಯ, ಜಗದೇವ ಓಡಿಸುತ್ತಿದ್ದ ಜೀಪು ಪಂಕ್ಚರ್ ಆಗಿ ಯಾತ್ರಿಕರಿಗೆ ರೈಲು ತಪ್ಪಿದ ದಿನ, ಎಲ್ಲರೆದುರು ಅವನ ಕಪಾಳಕ್ಕೆ ಬಾರಿಸಿದ್ದ. ಕಿವಿಯಿಂದ ರಕ್ತ ಸೋರಿ ಅಂಗಿಯ ಕಾಲರು ಒದ್ದೆಯಾಗಿತ್ತು. ಹದಿನಾರು ವರ್ಷ ಅವನ ಜೀಪು ಓಡಿಸಿದ ಜಗದೇವ ಮರುದಿನವೂ ಕೆಲಸಕ್ಕೆ ಹೊರಟಾಗ ಸಾಬವ್ವ ಬಾಗಿಲಿಗೆ ಅಡ್ಡ ನಿಂತಳು.

"ಇನ್ನೊಮ್ಮೆ ಅವನ ಜೀಪ್ ಹತ್ತಿದ್ರ ನಾ ಈ ಮನ್ಯಾಗ ಇರಂಗಿಲ್ಲ. ನಮ್ಮದೇ ಒಂದ್ ಗಾಡಿ ತಗೊಳ್ಳೂಣು."

ಎರಡು ಎಮ್ಮೆ ಮಾರಿ, ಮಹಿಳಾ ಸಂಘದ ಉಳಿತಾಯ ಬಿಡಿಸಿದರೂ ಮೂರು ಲಕ್ಷ ದಾಟಲಿಲ್ಲ. ಅಷ್ಟಕ್ಕೆ ಸಿಗುವ ಡೀಸೆಲ್ ಗಾಡಿಗಳೆಲ್ಲ ಹೊಗೆ ಕಾರುತ್ತಿದ್ದವು. ಕಲಬುರಗಿಯಲ್ಲಿ ಹಳೆಯ ಕಾರು ಮಾರುವ ಆಫ್ತಾಬ, ಹೈದರಾಬಾದಿನಲ್ಲಿ ಐದು ವರ್ಷ ಟ್ಯಾಕ್ಸಿಯಾಗಿ ಓಡಿದ್ದ ಬಿಳಿ ಕರೆಂಟ್ ಕಾರೊಂದನ್ನು ತೋರಿಸಿದ. ಜಗದೇವ ಬಾನೆಟ್ ಎತ್ತಿ ಬಲಗಿವಿ ಕೊಟ್ಟು ನಿಂತ. ಎಂಜಿನ್ನಿನ ಸದ್ದು ಕೇಳಿ ದೋಷ ಹೇಳುತ್ತಿದ್ದವನಿಗೆ ಅಲ್ಲಿ ಕೇಳಲು ಏನೂ ಇರಲಿಲ್ಲ. ಮಾತಾಡಿದವಳು ಸಾಬವ್ವ.

"ಫುಲ್ ಚಾರ್ಜ್ ಮಾಡಿ ಕೊಡ್ರಿ ಅಣ್ಣ. ನಾಕ್ ಮಂದಿ ಕುಂತು, ಎಸಿ ಹಚ್ಚಿ ಓಡಿಸಿ ನೋಡ್ತೇವಿ. ಎಷ್ಟ್ ಇಳಿತದ ನೋಡಿ ರೇಟ್ ಮಾತಾಡೂಣು."

ನಲವತ್ತು ಕಿಲೋಮೀಟರಿಗೆ ಚಾರ್ಜು ಶೇಕಡಾ ನೂರಿದ್ದದ್ದು ಅರವತ್ತಕ್ಕೆ ಇಳಿಯಿತು. "ಬ್ಯಾಟ್ರಿ ಸ್ವಲ್ಪ ಸೋತದ ಅಕ್ಕಾ, ಸುಳ್ಳ್ ಹೇಳಂಗಿಲ್ಲ" ಎಂದ ಆಫ್ತಾಬ ನಲವತ್ತು ಸಾವಿರ ಕಡಿಮೆ ಮಾಡಿದ. ರೈಲ್ವೆ ಸ್ಟೇಷನ್ನಿನಿಂದ ದೇವಸ್ಥಾನಕ್ಕೆ ಎರಡು ಸಲ ಹೋಗಿಬರಲು ಒಂದು ಫುಲ್ ಚಾರ್ಜು ಸಾಕಿತ್ತು. ಕ್ಲಚ್ಚಿಲ್ಲ, ಗೇರಿಲ್ಲ. ಬೀಳು ಹೊಲದಲ್ಲಿ ಹದಿನೈದು ದಿನ ತಿರುಗಿಸಿ ಸಾಬವ್ವನೂ ಓಡಿಸುವುದನ್ನು ಕಲಿತಳು.

ಕಾರನ್ನು ಬಾಡಿಗೆಗೆ ಓಡಿಸತೊಡಗಿದ ಮೂರನೆಯ ವಾರ, ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗಾಣಗಾಪುರ ಸ್ಟ್ಯಾಂಡಿನಲ್ಲಿ ಹೊಡೆದಾಟವಾಯಿತು. ಸೊಲ್ಲಾಪುರದ ಯಾತ್ರಿಕರು ಇನ್ನೂ ಕಾರಿನಿಂದ ಇಳಿಯುತ್ತಿದ್ದರು; ಜಗದೇವ ಡ್ರೈವರ್ ಸೀಟಿನಲ್ಲಿದ್ದ, ಸಾಬವ್ವ ಅವನ ಪಕ್ಕದಲ್ಲಿ. ಬಸವಂತರಾಯನ ಮಗ ಶಂಕರಲಿಂಗ, ಕೈಯಲ್ಲಿ ಚಕ್ರ ಬಿಚ್ಚುವ ಕಬ್ಬಿಣದ ವೀಲ್ ಪಾನಾ ಹಿಡಿದು, ಮೂವರು ಡ್ರೈವರುಗಳ ಜೊತೆ ಬಂದ.

"ಜೀಪ್ ತೊಳಿಯೋ ಮಂದಿಗಿ ಕಾರ್ ಯಾಕ ಬೇಕಾತಲೇ?"

ಮೊದಲ ಏಟಿಗೆ ಮುಂದಿನ ಗಾಜು ಒಡೆದು ಸಾಬವ್ವನ ಮಡಿಲಿಗೆ ಬಿತ್ತು. ಜಗದೇವನನ್ನು ಕೊರಳಪಟ್ಟಿ ಹಿಡಿದು ಹೊರಗೆಳೆದರು. ಇಬ್ಬರು ಕಾಲಿನಿಂದ ಒದ್ದರು, ಒಬ್ಬ ತಲೆಗೂದಲು ಹಿಡಿದುಕೊಂಡ. ಪಾನಾ ಅವನ ಬಲಮೊಣಕೈ ಮೇಲೆ ಬಿದ್ದಾಗ ಒಣ ಕಟ್ಟಿಗೆ ಮುರಿದ ಸದ್ದು ಬಂತು. ಯಾತ್ರಿಕರು ಚೀಲ ಬಿಟ್ಟು ಓಡಿದರು. ಬಿಡಿಸಲು ಯಾರೂ ಬರಲಿಲ್ಲ. ಶಂಕರಲಿಂಗ ಈಗ ಪಾನಾವನ್ನು ಜಗದೇವನ ತಲೆಯ ಮೇಲೆ ಎತ್ತಿದ.

ಸಾಬವ್ವ ಡ್ರೈವರ್ ಸೀಟಿಗೆ ಜಿಗಿದಳು. ಕಾರು ಚಾಲೂ ಆಗಿಯೇ ಇತ್ತು. ಅದು ಬಂದದ್ದು ಯಾರ ಕಿವಿಗೂ ಬೀಳಲಿಲ್ಲ. ಬಿದ್ದಿದ್ದ ಜಗದೇವನನ್ನು ಬದಿಗೆ ಬಿಟ್ಟು, ಬೆನ್ನು ಮಾಡಿ ನಿಂತಿದ್ದ ಶಂಕರಲಿಂಗನನ್ನು ನೂಕಿಕೊಂಡು ಹೋಗಿ ಚಹಾದ ಅಂಗಡಿಯ ಕಲ್ಲುಗೋಡೆಗೆ ಒತ್ತಿ ಹಿಡಿಯಿತು. ಅವನು ಚೀರಿದ. ಬ್ರೇಕಿನ ಮೇಲೆ ಕಾಲಿಡಲು ಆಕೆ ತಡಮಾಡಿದಳು.

ಉಳಿದ ಮೂವರು ಓಡಿಹೋದರು. ಹಿಂದೆ ಸರಿದ ಕಾರಿನ ಮುಂದೆ ಶಂಕರಲಿಂಗ ಕುಸಿದುಬಿದ್ದ. ಎಡಗಾಲು ಮೊಣಕಾಲಿನ ಕೆಳಗೆ ಅಡ್ಡಕ್ಕೆ ತಿರುಗಿತ್ತು. ಸಾಬವ್ವ ಗಂಡನನ್ನು ಎತ್ತಿ ಹಿಂದಿನ ಸೀಟಿಗೆ ಹಾಕಿದಳು.

"ಅವನ್ನೂ ಹಾಕ್ಕೋ" ಎಂದ ಜಗದೇವ, ಬಾಯಿಯ ರಕ್ತ ಉಗುಳುತ್ತ.

"ಸಾಯಲಿ ಬಿಡ್ರಿ."

"ಸತ್ರ ನೀ ಜೈಲಿಗಿ ಹೋಗ್ತಿ. ಹಾಕ್ಕೋ."

ಚಹಾದಂಗಡಿಯವನು ಅಂಜುತ್ತಲೇ ಕೈ ಹಚ್ಚಿದ. ಚಾರ್ಜು ಮೂವತ್ತೆಂಟಿತ್ತು. ಗಾಜಿಲ್ಲದ ಕಾರಿನಲ್ಲಿ, ಮುಖಕ್ಕೆ ಬಡಿಯುವ ದೂಳಿನಲ್ಲಿ ಆಕೆ ಅಫಜಲಪುರದ ಆಸ್ಪತ್ರೆಯ ದಾರಿ ಹಿಡಿದಳು. ಹಿಂದೆ ಇಬ್ಬರ ರಕ್ತವೂ ಒಂದೇ ಸೀಟಿನಲ್ಲಿ ಹರಿಯುತ್ತಿತ್ತು. ಶಂಕರಲಿಂಗ ಅವಳ ಜಾತಿ ಎತ್ತಿ ಬೈಯುತ್ತಲೇ ಇದ್ದ.

"ಬಾಯಿ ಮುಚ್ಚಲೇ. ಇಲ್ಲಂದ್ರ ಇಲ್ಲೇ ಇಳಸ್ತೇನಿ."

ಆಮೇಲೆ ಅವನು ನರಳಿದ್ದಷ್ಟೇ.

ಆಸ್ಪತ್ರೆಗೆ ಬಂದ ಬಸವಂತರಾಯ ಆಕೆಯ ಮೇಲೆ ಕೈ ಎತ್ತಿದ. ಸಾಬವ್ವ ಆ ಮುಂಗೈಯನ್ನು ಗಾಳಿಯಲ್ಲೇ ಹಿಡಿದಳು. "ನಿಮ್ಮ ಮಗನ್ನ ಹೊತ್ಕೊಂಡ್ ಬಂದಾಕಿ ನಾನೇ. ಕೇಳ್ರಿ ಡಾಕ್ಟರಿಗಿ." ಮುದುಕ ಬೆಂಚಿನ ಮೇಲೆ ಕುಳಿತುಬಿಟ್ಟ. ಸಂಜೆಯೊಳಗೆ ಎರಡೂ ಕಡೆಯಿಂದ ಕೇಸುಗಳು ದಾಖಲಾದವು.

ಅದಾಗಿ ವರ್ಷವಾಯಿತು. ಜಗದೇವನ ಕೈ ಪೂರ್ತಿ ಚಾಚುವುದಿಲ್ಲ. ಲೈಸೆನ್ಸ್ ಮಾಡಿಸಿಕೊಂಡ ಸಾಬವ್ವನೇ ಈಗ ಕಾರು ಓಡಿಸುತ್ತಾಳೆ. ಶಂಕರಲಿಂಗ ಊರುಗೋಲಿನ ಮೇಲೆ ಸ್ಟ್ಯಾಂಡಿಗೆ ಬರುತ್ತಾನೆ. ಅವಳ ಕಾರು ಕಂಡರೆ ಗೋಡೆ ಬಿಟ್ಟು ಬಯಲಿಗೆ ಸರಿದು ನಿಲ್ಲುತ್ತಾನೆ.

ಹೋದ ತಿಂಗಳು ವಕೀಲೆ ವಿಜಯಶ್ರೀ ಅವಳನ್ನು ಕೂರಿಸಿಕೊಂಡು ಕೋರ್ಟಿನಲ್ಲಿ ಏನು ಹೇಳಬೇಕೆಂದು ತಿಳಿಸಿದರು. "ಗಾಬ್ರಿಯಾಗ ಬ್ರೇಕ್ ಸಿಗಲಿಲ್ಲ, ಕಾಲ್ ಜಾರ್ತು ಅನ್ರಿ. ಅಷ್ಟ ಸಾಕು."

"ಕಾಲ್ ಜಾರಿಲ್ರಿ ಮೇಡಂ" ಎಂದಳು ಸಾಬವ್ವ. "ಅವ ಚೀರಿದ್ ಕೂಡ್ಲೇ ನನಗ ಹಿತ ಆತು. ಅದಕ್ಕ ಬ್ರೇಕ್ ಹಾಕೂದ್ ತಡ ಆತು. ಈಗ ಅದು ನೆನಪಾದ್ರ ತುತ್ತ್ ಇಳ್ಯಂಗಿಲ್ಲ."