ಪೇಂಟರಿಗೆ ಅಕ್ಷರ ಕೈಕೊಟ್ಟ ವರ್ಷ

ನಮ್ಮ ಪೇಂಟರ್ ಚಿತ್ರ ಬರೆಯುವವನಲ್ಲ, ಅಕ್ಷರ ಬರೆಯುವವನು. ಅಂಗಡಿಗಳ ಬೋರ್ಡು, ಲಾರಿಗಳ ಹಿಂಬದಿ, ಶಾಲೆಯ ಗೋಡೆ, ವಕೀಲರ ಬಾಗಿಲ ಮೇಲಿನ ಹೆಸರು. ಎಲ್ಲವನ್ನೂ ಮಷೀನು ಅಚ್ಚು ಹಾಕಿಕೊಡುವ ಕಾಲ ಬಂದಮೇಲೂ ಕುಂಚದ ಅಕ್ಷರವೇ ಬೇಕೆನ್ನುವ ಗಿರಾಕಿಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವನು ಮದುವೆಯಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಅಕ್ಕ ಬಂದು ಅವನ ಜೊತೆಗೇ ಉಳಿದಿದ್ದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯ ಕಳೆದವಳು. ಮಾತು ಕಡಿಮೆ, ಆಡಿದರೆ ನೆಟ್ಟಗೆ.

ನಾನು ಕೋರ್ಟಿನಲ್ಲಿ ಸ್ಟೆನೋ ಆಗಿದ್ದವನು, ಈಗ ನಿವೃತ್ತ. ನಮ್ಮ ಗುಂಪಿನ ಮೂರನೆಯವನು ಕಾಂಪೌಂಡರ್. ಆಸ್ಪತ್ರೆ ಬಿಟ್ಟು ಸ್ವಂತ ಔಷಧಿ ಅಂಗಡಿ ಇಟ್ಟಮೇಲೂ ಅವನ ಹೆಸರು ಕಾಂಪೌಂಡರ್ ಎಂದೇ ಉಳಿದಿತ್ತು. ಭಾನುವಾರ ಮಧ್ಯಾಹ್ನ ಅವನ ಅಂಗಡಿಯ ಮೇಲಿನ ಕೋಣೆಯಲ್ಲಿ, ಖಾಲಿ ರಟ್ಟಿನ ಡಬ್ಬಗಳ ನಡುವೆ ನಾವು ಮೂವರು ಸೇರುತ್ತಿದ್ದೆವು. ಒಂದು ಬಾಟಲಿ ರಮ್ಮು, ಒಂದು ಹಳೆಯ ದಪ್ಪ ಕಾದಂಬರಿ. ಪಂಡಿತರು ತಲೆಯ ಮೇಲೆ ಹೊತ್ತು ಮೆರೆಸುವ ಪುಸ್ತಕಗಳನ್ನು ಕೆಳಗಿಳಿಸಿ ಜಾಲಾಡುವುದು ನಮ್ಮ ಚಟವಾಗಿತ್ತು.

“ಈ ಜಮೀನ್ದಾರ ಸಾಯೋಕೆ ನಾಲ್ಕು ಅಧ್ಯಾಯ ತಗೊಂಡಿದಾನೆ,” ಎನ್ನುತ್ತಿದ್ದ ಕಾಂಪೌಂಡರ್. “ನನ್ನ ಅಂಗಡಿ ಮಾತ್ರೆ ತಗೊಂಡಿದ್ರೆ ಒಂದೇ ಪುಟದಲ್ಲಿ ಮುಗೀತಿತ್ತು.”

“ಬರೆದವನಿಗೆ ಪುಟದ ಲೆಕ್ಕದಲ್ಲಿ ಕೂಲಿ ಇದ್ದಿರಬೇಕು ಬಿಡು,” ಎನ್ನುತ್ತಿದ್ದ ಪೇಂಟರ್. “ನಂಗೆ ಅಕ್ಷರದ ಲೆಕ್ಕ. ಅದಕ್ಕೇ ‘ಹಲ್ಲಿನ ಡಾಕ್ಟರ್’ ಅಂತ ಬರೆಸೋಕೆ ಬಂದವರಿಗೆ ‘ದಂತವೈದ್ಯಕೀಯ ಚಿಕಿತ್ಸಾಲಯ’ ಅಂದ್ರೆ ಗೌರವ ಜಾಸ್ತಿ ಅಂತೀನಿ.”

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಆ ವರ್ಷ ಒಂದು ಬೆಳಿಗ್ಗೆ ಪೇಂಟರ್ ಎದ್ದು ಪೇಪರ್ ಕೈಗೆತ್ತಿಕೊಂಡ. ಅದು ಯಾವುದೋ ಪರದೇಶದ ಭಾಷೆಯಲ್ಲಿತ್ತು. ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ. ಅದೇ ಪೇಪರನ್ನು ಅಕ್ಕ ಇಸಿದುಕೊಂಡು, ಏನೂ ಆಗಿಲ್ಲವೆಂಬಂತೆ, ಯಾವುದೋ ಸೇತುವೆಯ ಸುದ್ದಿಯನ್ನು ಗಟ್ಟಿಯಾಗಿ ಓದಿದಳು. ಅವನು ಕಿಟಕಿಗೆ ಹೋಗಿ ಎದುರಿನ ಬೇಕರಿಯ ಬೋರ್ಡು ನೋಡಿದ. ಅವನೇ ಬರೆದದ್ದು. ಕೊಂಬು ಅವನದು, ಒತ್ತು ಅವನದು, ತಲೆಕಟ್ಟಿನ ಕೊನೆಯಲ್ಲಿ ಕುಂಚ ಎತ್ತುವ ರೀತಿಯೂ ಅವನದೇ. ಏನೆಂದು ಬರೆದಿದೆಯೋ ತಿಳಿಯಲಿಲ್ಲ.

ಇದನ್ನೆಲ್ಲ ಅವನು ನಮಗೆ ಹೇಳಿದ್ದು ಬಹಳ ಆಮೇಲೆ. ಆಗ ಯಾರಿಗೂ ಬಾಯಿ ಬಿಡಲಿಲ್ಲ. ಅಕ್ಕ ಬಚ್ಚಲಿಗೆ ಹೋದಾಗ ಒಂದು ಚೀಟಿಯ ಮೇಲೆ ತನ್ನ ಹೆಸರು ಬರೆದು ನೋಡಿದ. ಕೈ ತಡವರಿಸಲಿಲ್ಲ, ನೀರು ಹರಿದಂತೆ ಬರೆಯಿತು. ಬರೆದು ಮುಗಿಸಿ ನೋಡಿದರೆ ಆ ಹೆಸರೂ ಅವನಿಗೆ ಪರಕೀಯ. ಬರೆಯಲು ಬರುತ್ತದೆ, ಬರೆದದ್ದು ಓದಲು ಬರುವುದಿಲ್ಲ. ಅಷ್ಟಾದರೂ ಇದೆಯಲ್ಲ, ಹೊಟ್ಟೆಪಾಡಿಗೆ ತೊಂದರೆಯಿಲ್ಲ ಎಂದುಕೊಂಡು ಕುಂಚಗಳನ್ನು ಚೀಲಕ್ಕೆ ತುಂಬಿ ಕೆಲಸಕ್ಕೆ ಹೊರಟೇಬಿಟ್ಟ. ಗಿರಾಕಿ ಬಾಯಲ್ಲಿ ಹೇಳುತ್ತಿದ್ದ, ಕೈ ಬರೆಯುತ್ತಿತ್ತು. “ಕನ್ನಡಕ ಮರೆತು ಬಂದೆ, ಸರಿ ಇದ್ಯಾ ನೀವೇ ಒಂದ್ಸಲ ಓದಿಬಿಡಿ,” ಎನ್ನುತ್ತಿದ್ದ ಪೇಂಟರ್. ಸರಿಯೇ ಇರುತ್ತಿತ್ತು.

ಕಷ್ಟವಾದದ್ದು ಭಾನುವಾರಗಳಲ್ಲಿ. ಆಗ ನಾವು ಹಿಡಿದಿದ್ದ ಕಾದಂಬರಿಯಲ್ಲಿ ಒಬ್ಬ ಹಡಗಿನ ಕಪ್ತಾನ ಕಾಣೆಯಾಗುತ್ತಾನೆ, ಹೆಂಡತಿ ಕಿಟಕಿಯ ಬಳಿ ಕಾದು ಕಾದು ಮುದುಕಿಯಾಗುತ್ತಾಳೆ.

“ಹನ್ನೆರಡು ಅಧ್ಯಾಯ ನಿಂತೇ ಇದಾಳೆ,” ಎಂದು ಕಾಂಪೌಂಡರ್ ಶುರುಮಾಡಿದ. “ಮೊಣಕಾಲು ನೋವು ಅಂತ ಒಂದು ಮಾತಿಲ್ಲ. ನನ್ನತ್ರ ಬರೋ ಹೆಂಗಸರು ಅರ್ಧ ಗಂಟೆ ನಿಂತ್ರೆ ಮುಲಾಮು ಕೇಳ್ತಾರೆ.”

“ಅವನಾದ್ರೂ ಬರ್ತಾನಾ ಅಂದ್ರೆ ಅದೂ ಇಲ್ಲ,” ಎಂದೆ ನಾನು. “ಓದಿದ ನಮಗೇ ವಯಸ್ಸಾಗಿಹೋಯ್ತು.”

ಪೇಂಟರ್ ಗ್ಲಾಸು ಕೆಳಗಿಟ್ಟ. “ಬರ್ತಾನಲ್ಲ,” ಎಂದ. “ಅವಳು ಕಿಟಕಿ ಹತ್ರ ಇರುವಾಗ ಹಿಂದಿನ ಬಾಗಿಲಿಂದ ಬಂದು ಅಡುಗೆಮನೇಲಿ ನಿಂತ್ಕೋತಾನೆ. ಮುಖ ಗೋಡೆ ಕಡೆ. ಯಾರೂ ಮಾತಾಡಿಸಲ್ಲ. ಒಂದು ತಟ್ಟೆ ತಂದು ಅವನ ಹಿಂದೆ ಇಡ್ತಾರೆ. ಅವನು ಕೈ ಮಾತ್ರ ಹಿಂದಕ್ಕೆ ಚಾಚಿ ತಡಕಾಡಿ ತಗೊಂಡು, ಗೋಡೆ ನೋಡ್ಕೊಂಡೇ ತಿಂತಾನೆ.”

ಕಾಂಪೌಂಡರ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಯಾವ ಅಂಗಡಿ ರಮ್ಮೋ ಇದು? ನಂಗೂ ಅದೇ ಹಾಕು.”

ನಾನೂ ನಕ್ಕೆ. ಪೇಂಟರ್ ನಗಲಿಲ್ಲ. ಪುಸ್ತಕ ಓದಿಲ್ಲವೆಂಬುದನ್ನು ಮುಚ್ಚಿಡಲು ಬಾಯಿಗೆ ಬಂದದ್ದು ಹೇಳಿದನಂತೆ. ಆದರೆ ಹೇಳುತ್ತಿದ್ದಾಗ ಕಟ್ಟಿ ಹೇಳುವವನ ಮುಖವಿರಲಿಲ್ಲ, ಕಂಡದ್ದನ್ನು ವರದಿ ಮಾಡುವವನ ಮುಖವಿತ್ತು. ಕೋರ್ಟಿನಲ್ಲಿ ಸಾಕ್ಷಿ ಹೇಳುವವರನ್ನು ಎದುರಿಗೆ ಕೂತು ಬರೆದುಕೊಂಡವನು ನಾನು, ಆ ಮುಖ ನನಗೆ ಗೊತ್ತು. ಮುಂದಿನ ಭಾನುವಾರ ಇನ್ನಷ್ಟು ಹೇಳಿದ. ಕಪ್ತಾನನ ಕಿವಿಯ ಹಿಂದಿನ ಚರ್ಮ ಮೇಣದ ಹಾಗೆ ಹೊಳೆಯುತ್ತಿತ್ತಂತೆ. ಕಾಂಪೌಂಡರ್ ಈ ಸಲ ನಗಲಿಲ್ಲ. ಮನೆಗೆ ಹೋಗಿ ಕಾದಂಬರಿಯನ್ನು ಮೊದಲಿಂದ ತಿರುವಿ ಹಾಕಿದನಂತೆ, ಎಲ್ಲಾದರೂ ಆ ಅಡುಗೆಮನೆ ಸಿಕ್ಕಿಬಿಡುತ್ತದೇನೋ ಎಂದು. ಆ ದಿನಗಳಲ್ಲಿ ನಾನಂತೂ ನೀರು ಕುಡಿಯಲು ಅಡುಗೆಮನೆಗೆ ಹೋದರೆ ಮೊದಲು ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತಿದ್ದೆ.

ಮತ್ತೆರಡು ವಾರ ಕಳೆದಿರಬಹುದು. ಬೆಳಗಿನ ಹೊತ್ತು ಅಂಚೆ ಕಚೇರಿಯಿಂದ ಹೊರಬಂದೆ. ಎದುರಿನ ಫೋಟೋ ಸ್ಟುಡಿಯೋದ ಪಕ್ಕದ ಗೋಡೆಗೆ ಏಣಿ ಹಾಕಿಕೊಂಡು ಪೇಂಟರ್ ಬರೆಯುತ್ತಿದ್ದ. ‘ಇಲ್ಲಿ ಮಕ್ಕಳ ಫೋಟೋ ತೆಗೆಯಲಾಗುತ್ತದೆ’ ಎಂದು ಬರೆಯಲು ಹೇಳಿ ಸ್ಟುಡಿಯೋ ಮಾಲೀಕ ಟೀ ಕುಡಿಯಲು ಹೋಗಿದ್ದನಂತೆ. ಏಣಿಯ ಕೆಳಗೆ ಏಳೆಂಟು ಜನ ನಿಂತಿದ್ದರು. ನಮ್ಮ ಜನ ನಾಲ್ಕು ಮಂದಿ ಸೇರಿದರೆ ಗಲಾಟೆ ತಪ್ಪದು. ಇಲ್ಲಿ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ನಾನು ರಸ್ತೆ ದಾಟಿ ಹೋಗಿ ತಲೆಯೆತ್ತಿದೆ. ಕೆಂಪು ಅಕ್ಷರ, ಕಪ್ಪು ನೆರಳು. ಅಷ್ಟು ಚೆಂದದ ಅಕ್ಷರಗಳನ್ನು ಅವನೂ ಅಪರೂಪಕ್ಕೆ ಬರೆದಿದ್ದ.

ತಿರುಗಬೇಡಿ, ಮಕ್ಕಳಿದ್ದಾರೆ.

ನಮ್ಮ ಬೆನ್ನ ಹಿಂದೆ ಬಸ್ಸೊಂದು ಹಾರ್ನ್ ಹಾಕಿತು. ನಾವ್ಯಾರೂ ತಿರುಗಲಿಲ್ಲ. ನನ್ನ ಪಕ್ಕದ ಹೆಂಗಸಿನ ಕುತ್ತಿಗೆ ಸೆಟೆದುಕೊಂಡಿತ್ತು. ನನ್ನ ಕುತ್ತಿಗೆಯೂ ಹಾಗೇ ಆಗಿತ್ತು. ಗೋಡೆಗೆ ಮುಖ ಮಾಡಿ ನಿಂತಿದ್ದ ಪೇಂಟರಿಗೆ ಕೆಳಗಿನ ಮೌನ ಕೇಳಿಸಿರಬೇಕು. ಕುಂಚ ನಿಂತಿತು. ಮೆಲ್ಲಗೆ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ನನ್ನ ಮೇಲೆ ಕಣ್ಣು ನಿಲ್ಲಿಸಿದ.

“ಸ್ಟೆನೋ, ಏನಂತ ಇದೆ?”

“ನೀನೇ ಬರೆದಿದ್ದಲ್ವೇನೋ.”

“ಬರೆದೆ. ಏನಂತ ಇದೆ ಹೇಳು.”

ಓದಿ ಹೇಳಿದೆ. ಅವನು ಏಣಿಯನ್ನು ತಬ್ಬಿಕೊಂಡ. ಇಬ್ಬರು ಹತ್ತಿ ಅವನನ್ನು ಇಳಿಸಬೇಕಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ವಿವರಿಸಿ ಹೇಳಿದರು. ತಲೆಯ ಹಿಂಭಾಗದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡು ಓದುವ ದಾರಿ ಮುಚ್ಚಿಹೋಗಿದೆ, ಬರೆಯುವ ದಾರಿ ಬೇರೆ, ಅದು ತೆರೆದಿದೆ. ಅಪರೂಪವಾದರೂ ಆಗುವಂಥದ್ದೇ ಎಂದರು. ಕಿವಿಯಲ್ಲಿ ಕೇಳಿಸಿಕೊಂಡದ್ದು ಒಂದು, ಕೈಯಲ್ಲಿ ಬಂದದ್ದು ಇನ್ನೊಂದು ಯಾಕೆ ಎಂದು ಕಾಂಪೌಂಡರ್ ಕೇಳಿದಾಗ ಮಾತ್ರ ಪೆನ್ನನ್ನು ತಿರುಗಿಸುತ್ತ ಕೂತರು. “ಒಳಗೆ ಏನಿತ್ತೋ ಅದು ಬಂದಿರಬೇಕು,” ಎಂದರು.

ಇದೆಲ್ಲ ನಡೆಯುವಾಗ ಅಕ್ಕ ಗೋಡೆಗೊರಗಿ ನಿಂತಿದ್ದಳು. ಆ ಬರಹ ಏನೆಂದು ಕೇಳಿದಾಗಿನಿಂದ ಅವಳ ಮುಖ ಬಿಳಿಚಿಕೊಂಡೇ ಇತ್ತು. ಆಸ್ಪತ್ರೆಯಿಂದ ಅವನನ್ನು ಮನೆಗೆ ಕರೆತಂದ ಮೇಲೆ ಬಾಗಿಲು ಹಾಕಿ, ನಾವಿಬ್ಬರು ಹೊರಡಲು ಎದ್ದರೆ ಕೂತ್ಕೊಳ್ಳಿ ಎಂದಳು.

“ಅದು ಅಮ್ಮನ ಮಾತು ಕಣೋ,” ಎಂದಳು ತಮ್ಮನಿಗೆ. “ಅಪ್ಪ ಗಿರಣಿ ಬಾಯ್ಲರ್ ಒಡೆದಾಗಲೇ ಹೋದ್ರು ಅಂತ ಅಮ್ಮ ಹೇಳಿದ್ಲಲ್ಲ, ಸುಳ್ಳು. ಉಳ್ಕೊಂಡಿದ್ರು. ಮುಖ ಪೂರ್ತಿ ಸುಟ್ಟುಹೋಗಿತ್ತಂತೆ. ವರ್ಷ ಆದ್ಮೇಲೆ ಒಂದು ಮಧ್ಯಾಹ್ನ ಹಿಂದಿನ ಬಾಗಿಲಿಂದ ಬಂದ್ರು. ನೇರ ಅಡುಗೆಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತ್ರು. ತಿರುಗಬೇಡಿ, ಮಕ್ಕಳಿದ್ದಾರೆ ಅಂದ್ಲು ಅಮ್ಮ. ಉಣ್ಣೋಕೆ ಕೊಟ್ಲು. ಉಂಡು ಹೊರಟುಹೋದ್ರು. ಆಮೇಲೆ ಎಲ್ಲೋ ಆಸ್ಪತ್ರೇಲಿ ತೀರ್ಕೊಂಡ್ರು. ನಾನು ಬಾಗಿಲಲ್ಲಿ ನಿಂತು ಬೆನ್ನು ಮಾತ್ರ ನೋಡಿದೆ.”

ಪೇಂಟರ್ ಅಕ್ಕನ ಕಡೆ ತಿರುಗಿದ. “ನಂಗೆ ನೆನಪೇ ಇಲ್ಲ ಅಕ್ಕ. ನಾನೆಲ್ಲಿದ್ದೆ?”

“ನಿಂಗೆ ನಾಲ್ಕು ವರ್ಷ. ಆ ಗೋಡೆ ಮೂಲೇಲಿ ಡಬ್ಬ ಜೋಡಿಸ್ಕೊಂಡು ಆಡ್ತಿದ್ದೆ. ಅಲ್ಲಿದ್ದೀಯ ಅಂತ ಅಮ್ಮನಿಗೂ ಗೊತ್ತಿರ್ಲಿಲ್ಲ.” ಅವಳು ಉಸಿರೆಳೆದುಕೊಂಡಳು. “ಅಪ್ಪನಿಗೂ ಗೋಡೆಗೂ ನಡುವೆ ಇದ್ದವನು ನೀನೊಬ್ಬನೇ. ಅವರ ಮುಖ ನೋಡಿದ್ರೆ ನೀನೇ ನೋಡಿರ್ಬೇಕು.”

ಕಾಂಪೌಂಡರ್ ನನ್ನ ತೋಳು ಹಿಡಿದುಕೊಂಡ. ಕಪ್ತಾನನ ಮಾತನ್ನು ನಾವಿಬ್ಬರೂ ಅಕ್ಕನಿಗೆ ಯಾವತ್ತೂ ಹೇಳಿರಲಿಲ್ಲ.

ಭಾನುವಾರಗಳು ಇನ್ನು ಮುಗಿದವು ಎಂದುಕೊಂಡಿದ್ದೆವು. ಹಾಗಾಗಲಿಲ್ಲ. ಎರಡು ವಾರ ಬಿಟ್ಟು ಪೇಂಟರೇ ಮೆಟ್ಟಿಲು ಹತ್ತಿ ಬಂದ, ಹಿಂದೆ ಅಕ್ಕ. ನಾವಿಬ್ಬರು ಗ್ಲಾಸುಗಳನ್ನೇ ನೋಡುತ್ತ ಕೂತಿರುವಾಗ ಅವನೇ ಹೇಳಿದ, “ಪುಸ್ತಕದ ಕಪ್ತಾನ ದಡ್ಡ ಕಣ್ರೋ. ನಮ್ಮಪ್ಪನಷ್ಟೂ ಬುದ್ಧಿ ಇಲ್ಲ. ಹಿಂದಿನ ಬಾಗಿಲೊಂದಿದೆ ಅಂತ ಅವನಿಗೆ ಹೊಳೀಲೇ ಇಲ್ಲ.” ಕಾಂಪೌಂಡರಿಗೆ ರಮ್ಮು ನೆತ್ತಿಗೇರಿ ಕೆಮ್ಮು ಬಂತು. ಅಕ್ಕ ನಕ್ಕಳು. ಆಮೇಲೆ ನಾವೂ.

ಅಲ್ಲಿಂದ ಮುಂದೆ ಅಕ್ಕ ಗಟ್ಟಿಯಾಗಿ ಓದುವುದು, ನಾವು ಮೂವರು ಕೇಳುವುದು. ಟೆಲಿಫೋನಿನ ದನಿ, ಒಂದು ಅಕ್ಷರವೂ ನುಂಗಿಹೋಗುವುದಿಲ್ಲ. ನಾಯಕಿ ಪತ್ರ ಹಿಡಿದು ಕಣ್ಣೀರಿಟ್ಟರೆ, “ಇವಳಿಗೆ ಲೈನ್ ಕೊಡಬಾರದಿತ್ತು,” ಎಂದು ತಾನೇ ಸೇರಿಸುತ್ತಾಳೆ. ಪೇಂಟರ್ ಕೆಲಸ ಬಿಡಲಿಲ್ಲ. ಬರೆಯುವಾಗ ಕೆಳಗೆ ಅಕ್ಕ ನಿಂತು ಒಂದೊಂದೇ ಪದ ಓದುತ್ತಾಳೆ. ಬೆರಳಲ್ಲಿ ಅಕ್ಷರದ ಮೇಲೆ ತಿದ್ದಿ ತಿದ್ದಿ ಗುರುತು ಹಿಡಿಯುವುದನ್ನೂ ಅವನು ಕಲಿತ. ಹಾಗೆ ಒಂದು ಪುಟ ದಾಟಲು ಅವನಿಗೆ ಅರ್ಧ ದಿನ ಬೇಕು.

ಅಕ್ಕ ಓದುತ್ತಿರುವಾಗ ಅವನ ಬೆರಳು ಸುಮ್ಮನಿರುವುದಿಲ್ಲ. ಗ್ಲಾಸಿನಿಂದ ಇಳಿದ ನೀರಲ್ಲಿ ಮೇಜಿನ ಮೇಲೆ ಏನೋ ಬರೆಯುತ್ತಿರುತ್ತದೆ. ಅವನಿಗೆ ಅದರ ಪರಿವೆಯಿಲ್ಲ. ಅದನ್ನು ನೋಡಬಾರದೆಂದು ನಾನೂ ಕಾಂಪೌಂಡರನೂ ಮಾತಾಡಿಕೊಳ್ಳದೆಯೇ ಒಪ್ಪಿಕೊಂಡಿದ್ದೆವು. ಕಳೆದ ತಿಂಗಳು ಅಕ್ಕ ಓದುತ್ತಿದ್ದವಳು ವಾಕ್ಯದ ನಡುವೆ ನಿಲ್ಲಿಸಿದಳು. ಅವಳ ಕಣ್ಣು ಮೇಜಿನ ಮೇಲಿತ್ತು.

“ಏನಿದೆ?” ಎಂದ ಪೇಂಟರ್. ದನಿ ತೀರ ಸಣ್ಣಗಿತ್ತು.

ಅಕ್ಕ ಕನ್ನಡಕ ಸರಿಮಾಡಿಕೊಂಡಳು. ನೀರು ಆರುತ್ತ ಬಂದಿತ್ತು, ಬೇಗ ಓದಿದಳು.

“ಕಣ್ಣು ಹಾಗೇ ಇದ್ದವು.”

ಅಕ್ಕ ತನ್ನ ನೀರಿನ ಗ್ಲಾಸನ್ನು ಮೇಜಿನ ಮೇಲೆ ಬಗ್ಗಿಸಿದಳು, ಅವನ ಕೈ ಹಿಡಿದು ಆ ನೀರಿನ ಮೇಲೆ ಇಟ್ಟಳು. “ಇನ್ನೇನಿತ್ತೋ? ಅಪ್ಪ ನಕ್ಕರಾ? ನಿನ್ನ ನೋಡಿ ನಕ್ಕರಾ?”

“ನಂಗೊತ್ತಿಲ್ಲ ಅಕ್ಕ.”

ಬೆರಳು ನೀರಿನಲ್ಲಿ ಸುಮ್ಮನೆ ಇತ್ತು. ಅವಳು ಅಷ್ಟೂ ನೀರು ಮೇಜಿನ ಅಂಚಿಂದ ಹನಿಹನಿಯಾಗಿ ಕೆಳಗೆ ಬೀಳುವ ತನಕ ಕಾದಳು. ಆಮೇಲೆ ಸೆರಗಿನಿಂದ ಅವನ ಕೈ ಒರೆಸಿ, ಪುಸ್ತಕದಲ್ಲಿ ಬಿಟ್ಟ ಜಾಗ ಹುಡುಕಿ ಓದು ಮುಂದುವರಿಸಿದಳು.