ಗಂಗಕ್ಕನಿಗೆ ಹೇಳದೆ ನುಂಗಿದ ಮಾತು

ಇವತ್ತು ಬೆಳಿಗ್ಗೆ ಹಾವೇರಿಯ ಕಿರಾಣಿ ಅಂಗಡಿಯಲ್ಲಿ ಒಣಮೆಣಸಿನಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನಕ್ಕು, "ಏನ್ರಿ, ಫೋನ್ ಹಚ್ಚೀರೇನು?" ಎಂದಳು.

"ಒಳಗ ಬೀಜ ಗಲಗಲ ಅನ್ನಬೇಕ್ರಿ. ಸುಮ್ಮನಿದ್ರ ತೂಕಕ್ಕಂತ ನೀರು ಹೊಡದಾರ ಅಂತ ತಿಳೀರಿ. ನೋಡಾಕ ಮಿಂಚತೈತಿ, ಪುಡಿ ಮಾಡಿದ್ರ ಬೂಸ್ಟು ಹಿಡಿತೈತಿ," ಎಂದೆ.

ಹೇಳಿದ ಮರುಕ್ಷಣ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟೆ. ಹೆಸರೂ ಗೊತ್ತಿಲ್ಲದವಳಿಗೆ ಪುಕ್ಕಟೆ ಹೇಳಿದ ಈ ಮಾತನ್ನು ನಾನು ಗಂಗಕ್ಕನಿಗೆ ಹೇಳಿರಲಿಲ್ಲ.

ಗಂಗಕ್ಕ ಬ್ಯಾಡಗಿಯವಳು. ಇಬ್ಬರೂ ಸೇರಿ ಅವಳ ಮನೆಯಲ್ಲೇ ಮಸಾಲೆ ಖಾರ ಮಾಡಿ ಮಾರುತ್ತಿದ್ದೆವು. ಕಾಯಿ ಆರಿಸುವುದು ನನ್ನ ಕೆಲಸ, ಮಸಾಲೆ ಹುರಿಯುವುದು ಅವಳದು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸುತ್ತಿರಲಿಲ್ಲ. ತೂರಿಸಿದ್ದರೆ ಸೀನು ಬರುತ್ತಿತ್ತು ಅನ್ನಿ.

ಒಮ್ಮೆ ಅವಳ ಕೈ ಮುರಿಯಿತು. ನನ್ನನ್ನು ಒಲೆಯ ಮುಂದೆ ಕೂರಿಸಿ, ಯಾವುದು ಮೊದಲು, ಯಾವುದಕ್ಕೆ ಎಷ್ಟು ಉರಿ, ಎಲ್ಲ ಹೇಳಿಕೊಟ್ಟಳು. ಒಂದು ಲವಂಗದಷ್ಟೂ ಮುಚ್ಚಿಡಲಿಲ್ಲ. ಮರುವರ್ಷ ಮಗಳ ಬಾಣಂತನಕ್ಕೆ ನಾನು ಮೂರು ತಿಂಗಳು ಹೊರಟಾಗ ಕಾಯಿ ಆರಿಸುವುದನ್ನು ಕಲಿಸುವ ಸರದಿ ನನ್ನದಾಯಿತು. ಬಣ್ಣ ಹೇಳಿದೆ, ಹೊಳಪು ಹೇಳಿದೆ. ಅಲ್ಲಾಡಿಸಿ ಕೇಳುವುದನ್ನು ಮಾತ್ರ ನುಂಗಿಕೊಂಡೆ. ಎಲ್ಲ ಕಲಿತುಬಿಟ್ಟರೆ ಇವಳಿಗೆ ನನ್ನ ಗರಜೇನು ಎಂಬ ಭಯ. ಭಯ ಎಂದರೆ ಕೇಳಲು ಚೆಂದ. ನಿಜಕ್ಕೂ ಅದು ಕಪಟ.

ನಾನು ತಿರುಗಿ ಬರುವಷ್ಟರಲ್ಲಿ ಮಿಂಚುವ ಕಾಯಿ ಕೊಂಡು ಅವಳು ಮಾಡಿದ ಖಾರಕ್ಕೆಲ್ಲ ಬೂಸ್ಟು ಹಿಡಿದಿತ್ತು. ಗಿರಾಕಿಗಳು ಬಾಗಿಲಿಗೇ ಬಂದು ಬೈದು ಹೋಗಿದ್ದರು. "ನೀ ಎಲ್ಲಾ ಹೇಳಿ ಹೋಗಿದ್ದಿ ತಂಗೀ, ನನ್ನ ತಲಿಗೇ ಹತ್ತಲಿಲ್ಲ," ಎಂದು ಅತ್ತಳು.

"ಇರಲಿ ಬಿಡಕ್ಕ," ಎಂದೆ. ಕ್ಷಮಿಸುವವಳು ನಾನು! ಗಿರಾಕಿಗಳು ತಪ್ಪಿ ನಮ್ಮ ವ್ಯಾಪಾರ ನಿಂತುಹೋಯಿತು. ಆಮೇಲೆ ನಾನು ರಾಣೆಬೆನ್ನೂರಿನಲ್ಲಿ ಬೇರೊಬ್ಬಳ ಜೊತೆ ಸೇರಿ, ಗಂಗಕ್ಕ ಕಲಿಸಿದ ಹದದಲ್ಲೇ ಹುರಿದು ಖಾರಕ್ಕೆ ಹೆಸರು ಗಳಿಸಿದೆ. ಗಂಗಕ್ಕ ಈಗ ಬ್ಯಾಡಗಿಯಲ್ಲಿ ಕೂಲಿಗೆ ಕಾಯಿಯ ತೊಟ್ಟು ಬಿಡಿಸುತ್ತಾಳೆ. ಇಷ್ಟು ವರ್ಷ ನನಗೆ ನಿದ್ದೆಯೂ ಸರಿಯಾಗಿಯೇ ಬಂದಿದೆಯಲ್ಲ, ಅದು ನೆನೆದರೆ ನಾಚಿಕೆಯಾಗುತ್ತದೆ.

ಇವತ್ತು ಅದೇ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ಕಾದೆ.

"ನನ್ನ ಮುಂದ ಹೇಳಿದ್ರ ಏನಾತು?" ಎಂದಳು. "ಮನಿಗೆ ಬಾ. ನನ್ನ ಗಂಡನ ಮುಂದ, ಸೊಸಿ ಮುಂದ ಹೇಳು. ನಾಕು ವರ್ಷಾತು, ನನಗ ತಿಳಿಯಂಗಿಲ್ಲಂತ ಒಂದು ಪುಡಿಕಿ ಉಪ್ಪು ತರಾಕ ಸುದ್ದಾ ಕಳಸವಲ್ರು."

ಬ್ಯಾಡಗಿಯ ಬಸ್ಸಿನಲ್ಲಿ ಕುಳಿತಿದ್ದೇನೆ. ಆ ಸೊಸೆಯ ಎದುರು ಮೊದಲ ಮಾತು ಏನು ಆಡಬೇಕೋ, ಇನ್ನೂ ತೋಚಿಲ್ಲ.